ಓಗೊಡಬಾರದ ಕೂಗು

ರುಮಾಸಲ್, ಸೆರಾಮ್ ದ್ವೀಪ
೧೨ ಫೆಬ್ರವರಿ ೨೦೦೬

ತೀಜಾ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಯಾರದೆಂದು ನಿನಗೆ ತಿಳಿದಿರುತ್ತದೆ. ಒಲೆಗೆ ಹಾಕುವುದಾದರೆ ಹಾಕು, ಆದರೆ ಓದಿ ಹಾಕು. ನಮ್ಮ ಬೆಟ್ಟಕ್ಕೆ ಫೋನಿನ ಕಂಬ ಇನ್ನೂ ಬಂದಿಲ್ಲ, ಅದಕ್ಕೇ ಕಾಗದ. ಅಂಬೊನ್‌ನಲ್ಲಿರುವ ನಿನ್ನ ಅಕ್ಕನ ಮನೆಯ ವಿಳಾಸವನ್ನು ಕರಾವಳಿಗೆ ಇಳಿದು ಹೋಗಿ ನಿನ್ನ ಅತ್ತೆಯಿಂದ ಪಡೆದೆ. ಕೊಡುವಾಗ ಮುದುಕಿ ನನ್ನ ಮುಖ ನೋಡಲಿಲ್ಲ.

ನಾನೀಗ ನಮ್ಮೂರಿನ ಮೇಲ್ಗಡೆ ಹೊಸದಾಗಿ ಆಗಿರುವ ಹಕ್ಕಿಗಳ ಆರೈಕೆ ಕೇಂದ್ರದಲ್ಲಿ ಕೆಲಸಕ್ಕಿದ್ದೇನೆ. ಕದ್ದು ಸಾಗಿಸುವಾಗ ಸಿಕ್ಕಿಬಿದ್ದ ಗಿಳಿಗಳನ್ನು ಇಲ್ಲಿಗೆ ತರುತ್ತಾರೆ. ಗುಣಪಡಿಸಿ, ಮನುಷ್ಯರನ್ನು ಮರೆಸಿ, ಮತ್ತೆ ಕಾಡಿಗೆ ಬಿಡುವುದು ನಮ್ಮ ಕೆಲಸ. ಗಂಡಸರು ಹಿಡಿದು ಮಾರಿದ್ದನ್ನು ಹೆಂಗಸರು ಬಾಣಂತನ ಮಾಡಿ ವಾಪಸು ಕಳಿಸುತ್ತಾರೆ ಎಂದು ಊರಲ್ಲಿ ನಗುತ್ತಾರೆ. ನಗಲಿ.

ಹೋದ ತಿಂಗಳು ಬಂದರಿನಲ್ಲಿ ಪೊಲೀಸರು ಒಂದು ದೋಣಿ ಹುಡುಕಿದಾಗ ಪ್ಲಾಸ್ಟಿಕ್ ಕೊಳವೆಗಳೊಳಗೆ ತುರುಕಿದ್ದ ಕಾಕಟೂಗಳು ಸಿಕ್ಕಿದವು. ಎಷ್ಟೋ ಸತ್ತೇ ಹೋಗಿದ್ದವು. ಬದುಕಿದ್ದವುಗಳಲ್ಲಿ ಒಂದನ್ನು ಕೊಳವೆಯಿಂದ ಎಳೆದು ತೆಗೆದಾಗ ಕೈಗೆಲ್ಲ ಹಿಟ್ಟಿನಂಥ ಬಿಳಿ ಪುಡಿ ಮೆತ್ತಿತು. ಎಡಗಾಲಿನಲ್ಲಿ ಒಂದು ಬೆರಳಿಲ್ಲ. ನಾನು ಕೈ ಒರೆಸಿಕೊಳ್ಳುತ್ತಿದ್ದೆ. ಅದು ಕೆಂಪು ಜುಟ್ಟು ಬಿಚ್ಚಿ, ಕತ್ತು ವಾರೆ ಮಾಡಿ, ನನ್ನ ನೋಡಿ "ಉಂಡ್ಯಾ?" ಎಂದಿತು.

ಅದು ಲಾನೋ, ತೀಜಾ. ಬೇರೆ ಹಕ್ಕಿಗಳನ್ನು ಉರುಲಿಗೆ ಸೆಳೆಯಲು ನಿನ್ನ ಗನಿ ಕಾಡಿಗೆ ಒಯ್ಯುತ್ತಿದ್ದ ದೀಮದ ಹಕ್ಕಿ. ಧ್ವನಿ ಗನಿಯದೇ. ಕಣ್ಣು ಮುಚ್ಚಿ ಕೇಳಿದ್ದರೆ ನಾನು ಎದ್ದು ತಟ್ಟೆ ಹಾಕುತ್ತಿದ್ದೆ.

ನಿನಗೆ ತಿಳಿಸಬೇಕು ಅನ್ನಿಸಿತು. ಅಷ್ಟೇ.

ನೀನು ಊಸಿ ಎಂದು ಕರೆಯುತ್ತಿದ್ದ ಅಕ್ಕ,
ದೋರ್ಚೆ

⁂

ಅಂಬೊನ್
೩ ಮಾರ್ಚ್ ೨೦೦೬

ದೋರ್ಚೆಗೆ,

ಊಸಿ ಎಂದು ಬರೆಯಲು ಕೈ ಬರಲಿಲ್ಲ.

ಮೂರು ವರ್ಷ ಒಂದು ಸಾಲು ಬರೆಯದವಳು ಈಗ ಹಕ್ಕಿಯ ನೆಪ ಹಿಡಿದು ಬಂದಿದ್ದೀಯ. ಗನಿ ಕಾಡಿನಿಂದ ಬರದೇ ಹೋದ ವಾರ ನಿನ್ನ ಅಂಗಳದಲ್ಲಿ ನಿಂತು ನಾನು ನಿನ್ನ ತಮ್ಮನನ್ನು ಕೇಳಿದೆ, "ಮೆಲ್ಕಿ, ಜೊತೇಲಿ ಹೋದೋನು ನೀನು. ಎಲ್ಲಿ ಬಿಟ್ ಬಂದೆ?" ಅಂತ. ಅವನು ನೆಲ ನೋಡುತ್ತ ಹೇಳಿದ: "ನದಿ ಹತ್ರ ಬೇರೆ ಆದ್ವಿ. ಸೊರೊಂಗ್ ಹಡಗು ಹಿಡೀತೀನಿ ಅಂದ. ಅಲ್ಲಿ ಯಾರೋ ಇದಾಳಂತೆ." ನಾನು ನಂಬದೆ ಅವನ ಅಂಗಿ ಹಿಡಿದಾಗ ನೀನು ನಡುವೆ ಬಂದೆ. "ಗಂಡ ಓಡಿಹೋದ್ರೆ ಹೋಗಿ ನಿನ್ನ ಅಡುಗೆಮನೆ ನೋಡ್ಕೋ. ನಮ್ಮ ಅಂಗಳದಲ್ಲಿ ಹುಡುಕ್ಬೇಡ" ಎಂದೆ. ನಿಮ್ಮ ಬೆಟ್ಟದೂರಿನವರೂ ನಮ್ಮ ಕರಾವಳಿಯವರೂ ಕೇಳಿಸಿಕೊಂಡರು.

ಹೋಗಲಿ. ಆ ಮಾತನ್ನೇ ನಂಬಿ ನಾನೂ ಮೂರು ವರ್ಷ ಬಾಳಿದೆ. ಬೆಳಗ್ಗೆ ಮೀನಿಗೆ ಹೊಗೆ ಕೊಡುವಾಗ ಅವನನ್ನು ಬೈಯುತ್ತೇನೆ, ಸಂಜೆ ಮಾರುಕಟ್ಟೆಯಿಂದ ಬುಟ್ಟಿ ಹೊತ್ತು ಬರುವಾಗ ಬೈಯುತ್ತೇನೆ. ನನ್ನ ಅಕ್ಕ ಹೇಳುತ್ತಾಳೆ, "ಪ್ರಾರ್ಥನೆ ತಪ್ಪಿಸ್ತೀಯ, ಅವನನ್ನ ಬೈಯೋದು ತಪ್ಪಿಸಲ್ಲ."

ಇಲ್ಲಿ ಇದ್ರಿಸ್ ಅಂತ ಒಬ್ಬರಿದ್ದಾರೆ. ದೋಣಿ ಎಂಜಿನ್ ರಿಪೇರಿ ಮಾಡುತ್ತಾರೆ, ಹೆಂಡತಿ ತೀರಿಕೊಂಡಿದ್ದಾಳೆ. ಕೇಳಿ ಕಳಿಸಿದ್ದಾರೆ. ಬಿಟ್ಟುಹೋದ ಗಂಡನಿಂದ ಬಿಡುಗಡೆ ಸಿಗುತ್ತದೆ ಎಂದು ಮಸೀದಿಯವರೂ ಹೇಳಿದ್ದಾರೆ. ಇನ್ನೂ ಹೂಂ ಅಂದಿಲ್ಲ.

ಆ ಹಕ್ಕಿಯನ್ನು ಅವನು ಮಾರುವವನಲ್ಲ. ಅದು ನನ್ನನ್ನು ಹತ್ತಿರ ಸೇರಿಸುತ್ತಿರಲಿಲ್ಲ. ನಾನು ಅವನ ಪಕ್ಕ ಕೂತರೆ ಜುಟ್ಟು ಎತ್ತಿ ಕಿರುಚುತ್ತಿತ್ತು, ಸವತಿಯ ಹಾಗೆ. ಕಿವಿ ಕಚ್ಚಿದ ಗುರುತು ಇನ್ನೂ ಇದೆ. ಅಂಥದ್ದನ್ನು ಮಾರಿದ್ದಾನೆ ಅಂದರೆ ಯಾವ ಗತಿಗೆ ಬಂದಿದ್ದಾನೋ. ಯಾರ ಕೈಯಿಂದ ಬಂತು, ವಿಚಾರಿಸು. ಇನ್ನೇನೇನು ಮಾತಾಡುತ್ತದೆ, ಬರಿ. ಯಾವಳದಾದರೂ ಹೆಸರು ಹೇಳುತ್ತದೆಯೇ? ಹೇಳಿದರೆ ಮುಚ್ಚಿಡಬೇಡ.

ಹತೀಜಾ

⁂

ರುಮಾಸಲ್
೨೧ ಏಪ್ರಿಲ್ ೨೦೦೬

ತೀಜಾ,

ವಿಚಾರಿಸಿದೆ. ಗನಿ ಮಾರಿದ್ದಲ್ಲ. ಹಿಟ್ಟಿಗಾಗಿ ಸಾಗು ತಾಳೆಮರ ಕಡಿಯಲು ಹೋದವರಿಗೆ ಕಾಡಿನ ನೆಲದ ಮೇಲೆ ನಡೆಯುತ್ತ ಸಿಕ್ಕಿತಂತೆ. ರೆಕ್ಕೆ ಕತ್ತರಿಸಿದ ದೀಮದ ಹಕ್ಕಿ, ಹಾರುವುದೆಲ್ಲಿಂದ? ಕಾಲಲ್ಲಿ ಕಚ್ಚಿ ತುಂಡು ಮಾಡಿದ ನೈಲಾನ್ ದಾರ ಇತ್ತಂತೆ. ಅವರು ಒಬ್ಬ ಅಂಗಡಿಯವನಿಗೆ ಕೊಟ್ಟರು, ಅವನು ಇನ್ನೊಬ್ಬನಿಗೆ. ಯಾರ ಮನೆಯಲ್ಲೂ ಹೆಚ್ಚು ದಿನ ನಿಲ್ಲಲಿಲ್ಲ. ಕೊನೆಯವನು "ಇದಕ್ಕೆ ಗಾಳಿ ಮೆಟ್ಟಿದೆ, ಒಯ್ದುಬಿಡಿ" ಎಂದು ದೋಣಿಯವರಿಗೆ ಪುಕ್ಕಟೆ ಕೊಟ್ಟನಂತೆ.

ಯಾವ ಹೆಂಗಸಿನ ಹೆಸರೂ ಹೇಳುವುದಿಲ್ಲ. ನಿನ್ನದೊಂದೇ ಹೇಳುತ್ತದೆ.

ಈಗ ಅದು ಒಂಟಿ ಪಂಜರದಲ್ಲಿದೆ. ಎದೆಯ ಗರಿಗಳನ್ನೆಲ್ಲ ತಾನೇ ಕಿತ್ತುಕೊಂಡಿದೆ, ಬೂದು ಚರ್ಮ ಕಾಣುತ್ತದೆ. ಬೇಸರವಾದರೂ ದುಃಖವಾದರೂ ಇವು ಹೀಗೇ ಮಾಡುತ್ತವೆ. ಕಡಿಯಲು ಹಸಿ ಕೊಂಬೆ ಕಟ್ಟುತ್ತೇವೆ, ಎಳೆ ತೆಂಗಿನಕಾಯಿ, ಜೋಳ, ಬಾದಾಮಿಯಂಥ ಗಟ್ಟಿ ಚಿಪ್ಪಿನ ಕನಾರಿ ಕಾಯಿ ಕೊಡುತ್ತೇವೆ. ಕಾಯಿ ಒಡೆದು ಕೊಡಬಾರದು, ತಾನೇ ಒಡೆಯಬೇಕು. ಇಲ್ಲದಿದ್ದರೆ ಕೊಕ್ಕೂ ಕೆಡುತ್ತದೆ, ಮನಸ್ಸೂ ಕೆಡುತ್ತದೆ ಎನ್ನುತ್ತಾರೆ ಡಾಕ್ಟರಮ್ಮ. ಜಾವಾದವರು, ಗಟ್ಟಿ ಹೆಂಗಸು.

ಇಲ್ಲಿ ನಾವು ಮಾತಾಡುವ ಹಾಗಿಲ್ಲ. ಬಟ್ಟೆಯ ಮರೆಯಲ್ಲಿ ನಿಂತು ಕಿಂಡಿಯಿಂದ ತಟ್ಟೆ ತಳ್ಳಿ ಬರಬೇಕು. ಅದು ಏನು ಕೂಗಿದರೂ ಓಗೊಡಬಾರದು. ಕಾಡಿನಲ್ಲಿ ಜೊತೆಯ ಹಕ್ಕಿ ಕಣ್ಮರೆಯಾದರೆ ಗಿಳಿ ಕೂಗುತ್ತದೆ, ಉತ್ತರ ಬರುವತನಕ ಕೂಗುತ್ತದೆ. ನಾವು ಒಂದು ಸಲ ಉತ್ತರ ಕೊಟ್ಟೆವೋ, ನಾವೇ ಅದರ ಹಿಂಡು. ಆಮೇಲೆ ಸಾಯುವತನಕ ನಮ್ಮನ್ನೇ ಕೂಗುತ್ತದೆ, ಕಾಡು ಅದಕ್ಕೆ ಬೇಡವಾಗುತ್ತದೆ.

ಇನ್ನೂ ಏನೇನೋ ಸದ್ದು ಮಾಡುತ್ತದೆ. ಅದರ ಅರ್ಥ ಹುಡುಕುತ್ತ ಕೂರಬೇಡ. ಒಂದು ಮಾತು ಹೇಳಲೇ? ಆ ಇದ್ರಿಸ್ ಅವರಿಗೆ ಹೂಂ ಅನ್ನು. ಇನ್ನೂ ವಯಸ್ಸಿದೆ ನಿನಗೆ.

ದೋರ್ಚೆ

⁂

ಅಂಬೊನ್
೧೫ ಮೇ ೨೦೦೬

ಊಸಿ ದೋರ್ಚೆ,

ಜಗಳಕ್ಕೆ ಬರೆಯುತ್ತಿಲ್ಲ. ನೋಡು, ಊಸಿ ಎಂದೂ ಬರೆದಿದ್ದೇನೆ.

ಹಾಸ್ಟೆಲಿನಲ್ಲಿ ಒಂದೇ ಚಾಪೆಯಲ್ಲಿ ಮಲಗಿದವರು ನಾವು. ನಿನ್ನ ಮಾತು ಎಲ್ಲಿ ಕುಂಟುತ್ತದೆ ಎಂದು ನನಗೆ ಗೊತ್ತು. ಹಕ್ಕಿಯ ಊಟದ ಬಗ್ಗೆ ಅಷ್ಟುದ್ದ ಬರೆದವಳು, ಹಕ್ಕಿಯ ಮಾತಿನ ಬಗ್ಗೆ ಒಂದೇ ಸಾಲು ಬರೆದಿದ್ದೀಯ. ಅದರ ಬೆನ್ನಿಗೇ ಮದುವೆಯಾಗು ಎನ್ನುತ್ತೀಯ. ನನ್ನ ಮದುವೆಯ ಅವಸರ ನಿನಗೆ ಯಾಕೆ?

ಗನಿ ನನ್ನನ್ನು ಕರೆಯುತ್ತಿದ್ದುದು ಮೂರು ಥರ. ಹಸಿದು ಬಂದರೆ "ತೀಜ್" ಎಂದು ಕತ್ತರಿಸುತ್ತಿದ್ದ. ಒಳ್ಳೆ ಹಕ್ಕಿ ಸಿಕ್ಕ ದಿನ ನಮ್ಮ ಬೇಲಿ ಇನ್ನೂ ಅಷ್ಟು ದೂರವಿರುವಾಗಲೇ "ತೀ...ಜಾ" ಎಂದು ಎಳೆಯುತ್ತಿದ್ದ, ಪಕ್ಕದ ಮನೆಯವರು ನಗುತ್ತಿದ್ದರು. ಮೂರನೆಯದನ್ನು ಬರೆಯುವುದಿಲ್ಲ. ಅದು ನಮ್ಮಿಬ್ಬರದು.

ಲಾನೋ ಯಾವುದನ್ನು ಕರೆಯುತ್ತದೆ? ಅಷ್ಟು ಹೇಳು ಸಾಕು.

ತೀಜಾ

⁂

ರುಮಾಸಲ್
೩೦ ಜುಲೈ ೨೦೦೬

ತೀಜಾ,

ಈ ಕಾಗದವನ್ನು ಎಷ್ಟು ಸಲ ಬರೆದು ಹರಿದೆನೋ. ನೀನು ಜೂನ್‌ನಲ್ಲಿ ಕಳಿಸಿದ ಚೀಟಿಗೂ ಉತ್ತರ ಕೊಡಲಿಲ್ಲ.

ನೀನು ಬರೆದ ಎರಡೂ ಅಲ್ಲ. ಬರೆಯದೆ ಬಿಟ್ಟದ್ದೂ ಇದಾಗಿರಲಾರದು.

ಹಗಲೆಲ್ಲ ಅದು ಬೇರೆ ಕಾಕಟೂಗಳ ಹಾಗೇ ಇರುತ್ತದೆ. ಕೊಂಬೆ ಸೀಳುತ್ತದೆ, ತಲೆಕೆಳಗಾಗಿ ನೇತಾಡುತ್ತದೆ, ತಟ್ಟೆ ಉರುಳಿಸುತ್ತದೆ. ಹೊತ್ತು ಮುಳುಗುವಾಗ ಉಳಿದವೆಲ್ಲ ಎತ್ತರದ ಕೋಲು ಹುಡುಕುತ್ತವೆ. ಇದು ಮಾತ್ರ ಕೆಳಗಿಳಿಯುತ್ತದೆ. ನೆಲದ ಮೂಲೆಗೆ ಹೋಗಿ ಜುಟ್ಟು ಮಡಿಚಿ ಕೂರುತ್ತದೆ. ಮೊದಲು ಒಂದು ಸದ್ದು ಮಾಡುತ್ತದೆ, ಡಬ್, ಡಬ್, ಡಬ್. ನನಗೆ ಬಹಳ ದಿನ ಅದೇನೆಂದು ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಕಾಡಿನಲ್ಲಿ ದಾರಿ ತಪ್ಪಿದವರು ದೊಡ್ಡ ಮರದ ಹಲಗೆಯಂಥ ಬೇರಿಗೆ ಬಡಿಯುತ್ತಾರಲ್ಲ, ದೂರಕ್ಕೆ ಕೇಳಲಿ ಎಂದು? ಅದು ಆ ಸದ್ದು.

ಆಮೇಲೆ ಸುಮ್ಮನಿರುತ್ತದೆ. ಕಿವಿಗೊಟ್ಟ ಹಾಗೆ. ಆಮೇಲೆ ಕರೆಯುತ್ತದೆ. "ತೀಜಾ. ತೀಜಾ, ನೀರು." ಜೋರಾಗಿ ಅಲ್ಲ. ಒಣಗಿದ ಬಾಯಿಯಿಂದ ಬಂದ ಹಾಗೆ. ಮತ್ತೆ ಸುಮ್ಮನಿರುತ್ತದೆ.

ಡಾಕ್ಟರಮ್ಮನನ್ನು ಕೇಳಿದೆ, ಇದು ಹೀಗೆ ಕಲಿಯಲು ಎಷ್ಟು ಸಲ ಕೇಳಿರಬೇಕು ಎಂದು. "ಸಂಕಟದಲ್ಲಿ ಆಡಿದ ಮಾತನ್ನ ಬೇಗ ಕಲಿಯುತ್ತವೆ. ಆದರೂ ಒಂದು ಸಲಕ್ಕಲ್ಲ ದೋರ್ಚೆ" ಎಂದರು.

ಅವನು ಸೊರೊಂಗ್‌ಗೆ ಹೋಗಲಿಲ್ಲ ತೀಜಾ. ಯಾರೂ ಇರಲಿಲ್ಲ ಅಲ್ಲಿ. ಅವನು ನಮ್ಮ ಕಾಡಿನಲ್ಲೇ ಎಲ್ಲೋ ಬಿದ್ದಿದ್ದಾನೆ. ದೀಮದ ಹಕ್ಕಿ ಪಕ್ಕದಲ್ಲೇ ಕಟ್ಟಿತ್ತು.

ನೀನು ಬರುವುದಾದರೆ ಬಾ. ಬಂದರೆ ಒಂದು ಮಾತು ಕೊಡಬೇಕು. ಅದು ಎಷ್ಟು ಕರೆದರೂ ನೀನು ಓಗೊಡಬಾರದು. ನೀನು ಓಗೊಟ್ಟರೆ ಅದು ಮತ್ತೆಂದೂ ಸುಮ್ಮನಾಗುವುದಿಲ್ಲ.

ನಿನ್ನ
ಊಸಿ

⁂

ಅಂಬೊನ್
೯ ಸೆಪ್ಟೆಂಬರ್ ೨೦೦೬

ರುಮಾಸಲ್‌ಗೆ ಬಂದ ದಿನ ಬಟ್ಟೆಯ ಮರೆಯಲ್ಲಿ ನನ್ನನ್ನು ಕೂರಿಸಿದಾಗ ನೀನು ನನ್ನ ಕೈ ಬಿಡಲೇ ಇಲ್ಲ. ನನಗಾಗಿ ಎಂದುಕೊಂಡೆ.

ಎರಡು ಸಂಜೆ ಅದು ಬಾಯಿ ಬಿಡಲಿಲ್ಲ. ನನ್ನ ವಾಸನೆ ಗೊತ್ತಾಯಿತೇನೋ, ಅದಕ್ಕೆ ನನ್ನ ಮೇಲಿನ ಹಳೇ ಹಗೆ ಹೋಗಿಲ್ಲವೇನೋ ಅಂದುಕೊಂಡೆ. ಮೂರನೆಯ ಸಂಜೆ ಕೆಳಗಿಳಿಯಿತು. ಡಬ್, ಡಬ್. ಆಮೇಲೆ ಅವನು ಕರೆದ. ಹಕ್ಕಿ ಕರೆಯಿತು ಎಂದು ಬರೆಯಬೇಕು, ಆದರೆ ಕರೆದವನು ಅವನೇ. ಒಂದು ಬಟ್ಟೆಯ ಆಚೆ, ಮೂರು ಮೊಳ ದೂರದಲ್ಲಿ ನನ್ನ ಗಂಡ ನೀರು ಕೇಳುತ್ತಿದ್ದಾನೆ, ನನ್ನ ಪಕ್ಕದಲ್ಲೇ ಹೂಜಿ ಇದೆ. ನಾನು ತಲೆವಸ್ತ್ರದ ಸೆರಗನ್ನು ಬಾಯಿಗೆ ತುರುಕಿಕೊಂಡೆ. ಹಲ್ಲಿನ ಗುರುತು ಬಟ್ಟೆಯಲ್ಲಿ ಹಾಗೇ ಇದೆ. ಕೊಟ್ಟ ಮಾತು ಉಳಿಸಿಕೊಂಡೆ ದೋರ್ಚೆ. ಅಷ್ಟು ಕಷ್ಟದ ಮಾತನ್ನು ಇನ್ಯಾರಿಗೂ ಕೊಡುವುದಿಲ್ಲ.

ಆದರೆ ಅಲ್ಲಿಗೆ ಮುಗಿಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅದು ಇನ್ನೊಂದು ಹೆಸರು ಕರೆಯಿತು. "ಮೆಲ್ಕೀ, ಬಂದ್ಯಾ?"

ಬೈಯಲಿಲ್ಲ, ಶಾಪ ಹಾಕಲಿಲ್ಲ. ಎಲೆ ಅಲ್ಲಾಡಿದರೆ ಅವನೇ ಬಂದ ಎಂದು ಕೇಳುವ ಹಾಗೆ. "ಮೆಲ್ಕೀ, ಬಂದ್ಯಾ?"

ನಾನು ತಿರುಗಿ ನಿನ್ನ ಮುಖ ನೋಡಿದೆ. ನೀನು ಅದನ್ನು ಕೇಳುತ್ತಿದ್ದುದು ಮೊದಲ ಸಲವಲ್ಲ.

ಬೆಳಗ್ಗೆ ನಿನ್ನನ್ನು ಎಬ್ಬಿಸದೆ ದೋಣಿ ಹತ್ತಿದೆ. ಎಬ್ಬಿಸಿದ್ದರೆ ಏನು ಮಾಡುತ್ತಿದ್ದೆನೋ ನನಗೇ ಗೊತ್ತಿಲ್ಲ. ನಮ್ಮ ಎರಡೂರಿನ ಹಿರಿಯರು ಒಂದೇ ಬಟ್ಟಲಿನಲ್ಲಿ ರಕ್ತ ಬೆರೆಸಿ ಕುಡಿದು ಅಣ್ಣತಮ್ಮಂದಿರಾದವರು. ನಿಮ್ಮ ಚರ್ಚಿಗೆ ನಮ್ಮವರು ಮರ ಹೊತ್ತರು, ನಮ್ಮ ಮಸೀದಿಗೆ ನಿಮ್ಮವರು ಸೂರು ಹೊದಿಸಿದರು. ಗಲಭೆಯ ವರ್ಷಗಳಲ್ಲಿ ಇಡೀ ದ್ವೀಪ ಹೊತ್ತಿ ಉರಿಯುವಾಗ ನಮ್ಮೆರಡು ಊರುಗಳು ಮಾತ್ರ ಒಂದರ ಮೇಲೊಂದು ಕಲ್ಲೆತ್ತಲಿಲ್ಲ. ಅದನ್ನು ಮುರಿದವನು ನಿನ್ನ ತಮ್ಮ.

ಪೊಲೀಸರ ಬಳಿ ಹೋಗುವುದಿಲ್ಲ. ನನಗೆ ಅವನ ಎಲುಬು ಬೇಕು. ತೊಳೆದು, ಬಿಳಿ ಬಟ್ಟೆ ಸುತ್ತಿ, ಮೆಕ್ಕಾದ ಕಡೆ ಮುಖ ಮಾಡಿ ಮಲಗಿಸಬೇಕು. ಎಲ್ಲಿದ್ದಾನೆ ಎಂದು ನಿನ್ನ ತಮ್ಮನನ್ನು ಕೇಳು. ಈ ಸಲ ನೀನು ಕೇಳು.

ಹತೀಜಾ

⁂

ರುಮಾಸಲ್
೪ ನವೆಂಬರ್ ೨೦೦೬

ತೀಜಾ,

ಸಿಕ್ಕಿದ್ದಾನೆ. ನಿನ್ನ ಅತ್ತೆಯ ಮನೆಯ ಜಗುಲಿಯಲ್ಲಿ ಚಾಪೆಯ ಮೇಲಿದ್ದಾನೆ. ನೀನು ಬರುವತನಕ ಮಣ್ಣು ಮಾಡುವುದಿಲ್ಲ ಎಂದು ಇಮಾಮರು ಹೇಳಿದ್ದಾರೆ. ಈ ಕಾಗದ ತರುವ ದೋಣಿಯವನ ಜೊತೆಗೇ ಹೊರಡು. ಉಳಿದದ್ದನ್ನು ದಾರಿಯಲ್ಲಿ ಓದು.

ಮೆಲ್ಕಿ ನಾನು ಎತ್ತಿ ಆಡಿಸಿದ ಕೂಸು. ಅಮ್ಮ ಸಾಯುವಾಗ ಅವನನ್ನು ನನ್ನ ಮಡಿಲಿಗೆ ಹಾಕಿ ಹೋದಳು. ಅವತ್ತು ನಮ್ಮ ಅಂಗಳದಲ್ಲಿ ನಾನಾಡಿದ ಮಾತಿಗೆ ಇದು ಉತ್ತರವಲ್ಲ, ಗೊತ್ತು. ಹಕ್ಕಿಯ ಬಾಯಲ್ಲಿ ಅವನ ಹೆಸರು ಮೊದಲ ಸಲ ಕೇಳಿದ್ದು ಮಾರ್ಚ್‌ನಲ್ಲಿ. ಅಲ್ಲಿಂದ ಅವನ ಜೊತೆ ಊಟಕ್ಕೆ ಕೂತಾಗಲೆಲ್ಲ ಅವನ ಕೈ ನೋಡುತ್ತಿದ್ದೆ. ಕೇಳಲು ಆಗಲಿಲ್ಲ. ಕೇಳಿದರೆ ಅವನು ಹೇಳಿಬಿಡುತ್ತಾನೆ ಎಂದು ಹೆದರಿಕೆ.

ನಿನ್ನ ಕಾಗದ ಬಂದ ಮೇಲೆ ಅವನಿಗೆ ಏನೂ ಹೇಳದೆ "ಪಂಜರದ ಕೀಲು ಸಡಿಲಾಗಿದೆ, ಬಾ" ಎಂದು ಕರೆದುಕೊಂಡು ಹೋದೆ. ಹೊತ್ತು ಮುಳುಗುತ್ತಿತ್ತು. ಅವನು ಸುತ್ತಿಗೆ ಹಿಡಿದು ನಿಂತಿದ್ದ. ಆಚೆಯಿಂದ "ಮೆಲ್ಕೀ, ಬಂದ್ಯಾ?" ಎಂದಿತು.

ಸುತ್ತಿಗೆ ಬಿತ್ತು. ಅವನು ಹಾಗೇ ಕುಸಿದು ಕೂತು ಎರಡೂ ಕಿವಿ ಮುಚ್ಚಿಕೊಂಡ.

"ಊಸಿ, ಅದನ್ನ ಸುಮ್ನಿರ್ಸು."

"ಅದು ಸುಮ್ನಿರಲ್ಲ. ಎಲ್ಲಿ ಬಿಟ್ ಬಂದೆ, ಹೇಳು."

"ಸತ್ತೋಗಿರ್ತಾನೆ ಅಂದ್ಕೊಂಡೆ ಊಸಿ. ದೇವರಾಣೆಗೂ."

"ಸತ್ತೋನು ಹಕ್ಕಿಗೆ ಮಾತು ಕಲಿಸ್ತಾನೇನೋ?"

ಆಮೇಲೆ ಹೇಳಿದ. ಕನಾರಿ ಮರದ ತುದಿಯಲ್ಲಿ ಉರುಲು ಕಟ್ಟಿ ಇಳಿಯುವಾಗ ಗನಿಯ ಸೊಂಟದ ಬೆತ್ತದ ಹಗ್ಗ ತುಂಡಾಯಿತಂತೆ. ಬಿದ್ದವನಿಗೆ ಸೊಂಟದ ಕೆಳಗೆ ಅಲ್ಲಾಡಲಿಲ್ಲ. "ನಗ್ತಾನೇ ಇದ್ದ ಊಸಿ. 'ನನ್ನ ಕಾಲು ಯಾರೋ ಕದ್ರು ಕಣೋ. ಹೋಗಿ ಜನ ಕರ್ಕೊಂಡ್ ಬಾ, ಬೇಗ ಬಾ' ಅಂದ." ಮೆಲ್ಕಿ ಓಡಿದ. ಬೆನ್ನ ಮೇಲೆ ಅವತ್ತು ಹಿಡಿದ ಹಕ್ಕಿಗಳ ಬುಟ್ಟಿ. ಇಳಿಜಾರಿನಲ್ಲಿ ಅರಣ್ಯ ಕಾವಲಿನವರು ಬರುವುದು ಕಂಡಿತು. ಹಿಂದೊಮ್ಮೆ ಸೆರೆಮನೆ ನೋಡಿ ಬಂದವನು, ಬುಟ್ಟಿ ಬಿಸಾಡಿ ಪೊದೆಯಲ್ಲಿ ಅಡಗಿದ. ಕತ್ತಲಾಯಿತು.

"ಬೆಳಗ್ಗೆ ಹೋದ್ರಾಯ್ತು ಅಂದ್ಕೊಂಡೆ. ಬೆಳಗ್ಗೆ ಆದ್ಮೇಲೆ, ಇಷ್ಟೊತ್ತಿಗೆ ಇರಲ್ಲ, ರಾತ್ರಿಯೆಲ್ಲಾ ಯಾಕ್ ಬಿಟ್ಟೆ ಅಂತ ಕೇಳ್ತಾರೆ ಅನ್ನಿಸ್ತು. ನೀನು ಅನ್ನ ಬಡಿಸಿದೆ, ಉಂಡೆ. ಒಂದಿನ ಸುಮ್ನಿದ್ದೋನಿಗೆ ಆಮೇಲೆ ಬಾಯೇ ಬರಲಿಲ್ಲ."

ಮರುದಿನ ಎರಡೂರಿನ ಹಿರಿಯರು, ಗನಿಯ ತಮ್ಮ, ನಾನು, ಎಲ್ಲ ಹೋದೆವು. ಮೆಲ್ಕಿ ಮುಂದೆ. ದಾರಿಯಲ್ಲಿ ಅವನು ಒಮ್ಮೆಯೂ ತಡವರಿಸಲಿಲ್ಲ. ಆ ದಾರಿಯಲ್ಲಿ ಅವನು ಮನಸ್ಸಿನಲ್ಲಿ ಎಷ್ಟು ಸಲ ನಡೆದಿದ್ದನೋ.

ಗನಿ ಬಿದ್ದ ಜಾಗದಲ್ಲಿರಲಿಲ್ಲ. ಕೈಯೂರಿ ತೆವಳಿ ಪಕ್ಕದ ಮರದ ಬೇರಿನತನಕ ಬಂದಿದ್ದ. ಬೇರಿನ ತುಂಬ ಕಲ್ಲಿನಿಂದ ಬಡಿದ ಗಾಯಗಳು, ಒಂದರ ಮೇಲೊಂದು. ನಾನು ಎಣಿಸಲು ಹೋಗಲಿಲ್ಲ. ನೀನೂ ಕೇಳಬೇಡ. ಕೈಗೆಟುಕುವಲ್ಲಿ ಒಂದು ತಗ್ಗು ಕೊಂಬೆಯಿತ್ತು, ಅದರಲ್ಲಿ ನೈಲಾನ್ ದಾರದ ತುಂಡು. ಲಾನೋ ಕೂತಿದ್ದು ಅಲ್ಲೇ. ಕೆಳಗೆ ತೊರೆ ಹರಿಯುವ ಸದ್ದು ಅಲ್ಲಿಗೆ ಚೆನ್ನಾಗಿ ಕೇಳುತ್ತದೆ.

ಗನಿಯ ತಮ್ಮ ಕತ್ತಿ ತೆಗೆದ. ಮೆಲ್ಕಿ ಕತ್ತು ಬಗ್ಗಿಸಿ ನಿಂತ, ತಪ್ಪಿಸಿಕೊಳ್ಳಲಿಲ್ಲ. ನಿಮ್ಮೂರಿನ ಹಿರಿಯರೇ ಆ ಹುಡುಗನ ಕೈ ಹಿಡಿದರು. "ಮೊದಲು ಅಣ್ಣನ್ನ ಮನೆಗೆ ಒಯ್ಯೋಣ" ಎಂದರು. ಇಳಿಯುವಾಗ ಹೊರೆಗೆ ಭುಜ ಕೊಡಲು ಮೆಲ್ಕಿಯನ್ನು ಯಾರೂ ಕರೆಯಲಿಲ್ಲ.

ಬಾ.

ದೋರ್ಚೆ

⁂

ಹಾತಿವಾರು, ಅತ್ತೆಯ ಮನೆ
೨೦ ಜನವರಿ ೨೦೦೭

ಊಸಿ,

ಮಣ್ಣಿನ ದಿನ ನಿನ್ನ ಜೊತೆ ಮಾತಾಡಲಿಲ್ಲ. ಯಾರ ಜೊತೆಯೂ ಆಡಲಿಲ್ಲ. ಈಗ ಗಂಡ ಸತ್ತ ಹೆಂಗಸು ಮನೆಯೊಳಗೆ ಕೂರುವ ತಿಂಗಳುಗಳನ್ನು ಕೂರುತ್ತಿದ್ದೇನೆ, ಮೂರು ವರ್ಷ ತಡವಾಗಿ. ಅತ್ತೆ ಕಣ್ಣು ಮಂಜಾಗಿದ್ದರೂ ನನ್ನ ತಲೆ ಬಾಚುತ್ತಾಳೆ. ಗನಿ ಓಡಿಹೋದ ಎಂದು ಊರು ನಂಬಿದಾಗ ನಂಬದೆ ಉಳಿದವಳು ಅವಳೊಬ್ಬಳೇ. ನಾನೂ ನಂಬಿದ್ದೆ. ಅವನು ಬಾಯಾರಿ ನನ್ನ ಹೆಸರು ಹಿಡಿದು ಮಲಗಿದ್ದಾಗ ನಾನು ಕರಾವಳಿಯಲ್ಲಿ ಅವನ ಅಂಗಿಗಳನ್ನು ಒಲೆಗೆ ಹಾಕುತ್ತಿದ್ದೆ. ಮೂರು ವರ್ಷದ ಬೈಗುಳವನ್ನು ಈಗ ಎಲ್ಲಿಗೆ ಹೊತ್ತು ಹಾಕಲಿ?

ಹಿರಿಯರ ತೀರ್ಮಾನ ನಿನಗೂ ಗೊತ್ತಿರುತ್ತದೆ. ಮೆಲ್ಕಿ ಎರಡೂರಿನ ಮುಂದೆ ಹೇಳಿದ. ನಮ್ಮ ಮಸೀದಿಯ ಸೂರನ್ನು ಅವನೊಬ್ಬನೇ ಬದಲಿಸಬೇಕು ಎಂದಾಯಿತು. ದಿನಾ ನಸುಕಿನಲ್ಲಿ ಬೆಟ್ಟ ಇಳಿದು ಬರುತ್ತಾನೆ. ಇಲ್ಲಿ ಕೂತರೆ ಸಾಗು ಎಲೆ ಹೊಲಿಯುವ ಸದ್ದು ಕೇಳುತ್ತದೆ. ಯಾರೂ ಅವನಿಗೆ ನೀರು ಕೊಡುವುದಿಲ್ಲ. ಮೊನ್ನೆ ಅತ್ತೆ ಒಂದು ಲೋಟ ಕೊಟ್ಟು ಕಳಿಸಿದಳು. ಅವನು ಕುಡಿಯಲಿಲ್ಲವಂತೆ, ಮುಂದಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತನಂತೆ.

"ಕ್ಷಮಿಸ್ತೀಯೇನಮ್ಮಾ?" ಎಂದು ಹಿರಿಯರು ನನ್ನನ್ನು ಕೇಳಿದರು. ನಾನು ಒಳಗೆ ಹೋದೆ.

ಹಕ್ಕಿಯನ್ನು ಬಿಡುತ್ತೀರೋ? ಬಿಡಿ. ಅವನ ಧ್ವನಿ ಪಂಜರದಲ್ಲಿರುವುದು ನನಗೆ ಬೇಡ.

ತೀಜಾ

⁂

ರುಮಾಸಲ್
೨೬ ಆಗಸ್ಟ್ ೨೦೦೭

ತೀಜಾ,

ಲಾನೋವನ್ನು ಮೊನ್ನೆ ಬಿಟ್ಟೆವು.

ಕತ್ತರಿಸಿದ ಗರಿಯ ಬುಡಗಳೆಲ್ಲ ಉದುರಿ ಹೊಸ ರೆಕ್ಕೆ ಬಂದಿತ್ತು. ಎದೆಯೂ ತುಂಬಿಕೊಂಡಿತ್ತು. ದೊಡ್ಡ ಪಂಜರಕ್ಕೆ ಹಾಕಿದ ಮೇಲೆ ಒಂದು ಹೆಣ್ಣಿನ ಜೊತೆಯಾಯಿತು. ಅದರ ತಲೆ ಕೆರೆಯುವುದು, ಅದಕ್ಕಾಗಿ ಬೇರೆಯವನ್ನು ಕಚ್ಚುವುದು ಶುರುವಾಯಿತು. ಒಂದು ಸಂಜೆ ಕೆಳಗಿಳಿಯಲಿಲ್ಲ. ಆಮೇಲೆ ಇಳಿಯಲೇ ಇಲ್ಲ. ಸಂಜೆ ಎತ್ತರದ ಕೋಲಿನ ಮೇಲೆ ಒಂದು ಕಾಲು ಮಡಿಚಿ, ಕೊಕ್ಕು ಮಸೆಯುತ್ತ ನಿದ್ದೆ ಹೋಗುತ್ತಿತ್ತು. ನೆಮ್ಮದಿಯಾದಾಗ ಮಾತ್ರ ಹಾಗೆ ಮಸೆಯುತ್ತವೆ. ಕೂಗು ನಿಂತು ಮೂರು ನಾಲ್ಕು ತಿಂಗಳಾದ ಮೇಲೆ ಡಾಕ್ಟರಮ್ಮ ಒಪ್ಪಿದರು.

ಬಾಗಿಲು ತೆರೆದಾಗ ಹೆಣ್ಣು ಮೊದಲು ಹಾರಿತು. ಇದು ಹೊಸ್ತಿಲಲ್ಲಿ ಬಹಳ ಹೊತ್ತು ನಿಂತಿತ್ತು. ಒಂದು ಮಾತೂ ಆಡಲಿಲ್ಲ. ಆಮೇಲೆ ಕಾಡು ಕಾಕಟೂವಿನ ಹಾಗೇ ಕಿವಿ ಹರಿಯುವಂತೆ ಕಿರುಚಿ ಹೋಯಿತು.

ಈಗ ಕೇಂದ್ರದ ಅಂಗಳದಲ್ಲಿ ಸಂಜೆ ಆದರೆ ನಾನು ಕೆಲಸ ಬಿಟ್ಟು ಕಿವಿಗೊಟ್ಟು ಕೂರುತ್ತೇನೆ. ಅಷ್ಟು ನಿಶ್ಶಬ್ದ.

ನಿನ್ನ ಊಸಿ

⁂

ರುಮಾಸಲ್
೧೭ ಜುಲೈ ೨೦೦೮

ತೀಜಾ,

ಮದುವೆಯ ಸಿಹಿ ತಲುಪಿತು. ಇದ್ರಿಸ್ ಅವರಿಗೆ ನನ್ನ ನಮಸ್ಕಾರ ಹೇಳು. ಇಂಥ ಹೊತ್ತಿನಲ್ಲಿ ಇದನ್ನು ಬರೆಯಬಾರದೇನೋ. ಆದರೆ ಒಮ್ಮೆ ಮುಚ್ಚಿಟ್ಟು ಕೆಟ್ಟವಳು ನಾನು, ಇನ್ನು ಮುಚ್ಚಿಡಲಾರೆ.

ರಾಳ ಇಳಿಸಲು ಹೋದ ಗಂಡಸರು ಕೆಲಸ ಬಿಟ್ಟು ಓಡಿ ಬಂದರು. ಗುಡ್ಡದ ಆಚೆ ಯಾರೋ ಹೆಂಗಸಿನ ಹೆಸರು ಕರೆಯುತ್ತಿದ್ದಾರೆ, ಕಣ್ಣಿಗೆ ಕಾಣುವುದಿಲ್ಲ ಎಂದರು. ನಾನು ಡಾಕ್ಟರಮ್ಮನ ಜೊತೆ ಹೋದೆ. ಕನಾರಿ ಮರಗಳ ನೆತ್ತಿಯ ಮೇಲೆ ದೊಡ್ಡ ಹಿಂಡು. ಹೊತ್ತು ಇಳಿಯುತ್ತಿತ್ತು. ಒಂದು ಮರದಿಂದ ಬಂತು, "ತೀಜಾ." ಕಣಿವೆಯ ಆಚೆಯಿಂದ ಇನ್ನೊಂದು, "ತೀಜಾ." ಆಮೇಲೆ ಸುತ್ತೆಲ್ಲ. ಕಾಡಿನಲ್ಲಿ ಜೊತೆ ಕಣ್ಮರೆಯಾದಾಗ ಲಾನೋ ಮತ್ತೆ ಹಾಗೆ ಕರೆದಿರಬೇಕು, ಮರಿಗಳು ಕಲಿತಿವೆ. ಹಿಂಡಿನಲ್ಲಿ ಒಂದನ್ನೊಂದು ಹುಡುಕಿಕೊಳ್ಳಲು ಅವಕ್ಕೆ ಈಗ ನಿನ್ನ ಹೆಸರು. ಒಂದು ಕರೆದರೆ ಒಂದು ಓಗೊಡುತ್ತದೆ. ಒಣಗಿದ ಬಾಯಿಯ ಧ್ವನಿ ಅಲ್ಲ ಅದು. ಆದರೂ ಗನಿಯದೇ.

ಆ ಇನ್ನೊಂದು ಮಾತನ್ನೂ ಕಲಿತಿವೆ.

ಮೆಲ್ಕಿಗೆ ಯಾರೋ ಹೇಳಿದ್ದಾರೆ. ಅವನು ಕಾಡಿನ ಕಡೆ ಮುಖ ಹಾಕುವುದು ಬಿಟ್ಟಿದ್ದಾನೆ. ಸೌದೆಗೂ ಹೋಗುವುದಿಲ್ಲ. ಸಂಜೆ ಬಾಗಿಲು ಹಾಕಿಕೊಂಡು ರೇಡಿಯೋ ಜೋರು ಮಾಡುತ್ತಾನೆ. ಅವನ ಹೆಂಡತಿ ಮಗುವನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದು ಕೂರುತ್ತಾಳೆ. ಈ ಕಾಕಟೂಗಳು ಮನುಷ್ಯರಷ್ಟೇ ಬದುಕುತ್ತವೆ ತೀಜಾ. ಮರಿಗಳಿಂದ ಮರಿಗಳಿಗೆ ಹೋಗುತ್ತದೆ. ನಾವು ಸತ್ತ ಮೇಲೂ.

ದೋರ್ಚೆ

⁂

ಅಂಬೊನ್
೨ ಸೆಪ್ಟೆಂಬರ್ ೨೦೦೮

ಊಸಿ,

ಕಾಗದವನ್ನು ಇದ್ರಿಸ್‌ಗೆ ಓದಿ ಹೇಳಿದೆ. ಅವರು ಎಂಜಿನ್ನಿನ ಎಣ್ಣೆ ಕೈ ಒರೆಸಿಕೊಂಡರು. ಆಮೇಲೆ "ಹೋಗಿ ಕೇಳ್ಕೊಂಡು ಬಾ. ನಾನ್ ದೋಣಿ ತನಕ ಬಿಡ್ತೀನಿ" ಎಂದರು. ಒಳ್ಳೆಯವರು. ಅವರ ಹತ್ತಿರ ಗನಿಯ ಮಾತಾಡಬಹುದು.

ಕನಾರಿ ಉದುರುವ ಹೊತ್ತಿಗೆ ಬರುತ್ತೇನೆ. ನನಗೆ ಆ ಮರಗಳ ಕೆಳಗೆ ಹೋಗಬೇಕು. ನೀನು ದಾರಿ ತೋರಿಸುತ್ತೇನೆ ಎನ್ನಬಹುದು. ಬೇಡ. ನಿನ್ನ ತಮ್ಮನಿಗೆ ಹೇಳು, ಅವನು ಕರೆದುಕೊಂಡು ಹೋಗಬೇಕು. ಅವನು ಮುಂದೆ ನಡೆಯಲಿ, ನಾನು ಹಿಂದೆ ಬರುತ್ತೇನೆ. ದಾರಿಯಲ್ಲಿ ಅವನ ಜೊತೆ ಮಾತಾಡುತ್ತೇನೆ ಎಂದು ಮಾತು ಕೊಡಲಾರೆ.

ಕ್ಷಮಿಸಿದ್ದಾಳೆ ಎಂದು ಅವನಿಗೆ ಹೇಳಬೇಡ. ಕ್ಷಮಿಸಿದ್ದೇನೋ ಇಲ್ಲವೋ ನನಗೇ ತಿಳಿಯದು, ಅಲ್ಲಿ ನಿಂತರೆ ತಿಳಿದೀತು. ಇಷ್ಟು ಮಾತ್ರ ಹೇಳು: ಹೊತ್ತು ಇಳಿದು ಮೇಲಿನಿಂದ "ಮೆಲ್ಕೀ, ಬಂದ್ಯಾ?" ಎಂದು ಕೇಳಿದಾಗ ಅವನು ಓಡಬಾರದು. ಕಿವಿ ಮುಚ್ಚಬಾರದು. ನನ್ನ ಪಕ್ಕದಲ್ಲಿ ನಿಂತು, ಬಾಯಿಬಿಟ್ಟು, "ಬಂದೆ" ಎನ್ನಬೇಕು.

ತೀಜಾ